ಅಸ್ಥಿಯ ಬೊಂಬೆ

ಶಿಷ್ಯನು ಛೇದನವನ್ನು ಸೋರೆಕಾಯಿಯ ಮೇಲೂ, ಬಂಧನವನ್ನು ಪುಸ್ತಮಯ ಪುರುಷನ, ಎಂದರೆ ಮಾಡಿಟ್ಟ ಬೊಂಬೆಯ, ಅಂಗಗಳ ಮೇಲೂ ಅಭ್ಯಾಸಮಾಡತಕ್ಕದ್ದೆಂದು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವಿಧಿಯುಂಟು. ಪಾಠಶಾಲೆಯಲ್ಲಿ ಇದನ್ನೋದಿ ನಕ್ಕಿದ್ದೆವು. ಈಗ ನಗು ಬಾರದು. ಆದರೆ ಆ ಬೊಂಬೆ ಸರ್ವಸಾಮಾನ್ಯ. ಎದುರಿಗೆ ನರಳುವವನ ಭಗ್ನಾಸ್ಥಿಯ ರೂಪವನ್ನು ಅದು ಹೇಳಲಾರದು. 1895ರಲ್ಲಿ ರಾಂಟ್ಗೆನ್ ಪಂಡಿತನು ಕಂಡ ಕಿರಣವೂ ಎಲುಬಿನ ನೆರಳನ್ನಷ್ಟೇ ತೋರಿಸಿತು. 1971ರಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ರೋಗಿಯ ಮಿದುಳನ್ನು ಪದರಪದರವಾಗಿ ಕಾಣಿಸಿತು. 1984ರಲ್ಲಿ ಅಮೆರಿಕದ ಚಾರ್ಲ್ಸ್ ಹಲ್ ಎಂಬಾತನು ದ್ರವವಾದ ರಾಳವನ್ನು ಬೆಳಕಿನಿಂದ ಪದರಪದರವಾಗಿ ಗಟ್ಟಿಗೊಳಿಸಿ ವಸ್ತುವನ್ನು ನಿರ್ಮಿಸುವ ವಿಧಾನಕ್ಕೆ ಪೇಟೆಂಟು ಬೇಡಿದನು. ಈ ಎರಡು ವಿದ್ಯೆಗಳೂ ಕೂಡಿದುದರಿಂದ, ತೊಡೆಯೆಲುಬು ಕೂಡುವ ಸೊಂಟದ ಗುಳಿ ಒಡೆದಾಗ, ಆ ರೋಗಿಯ ಎಲುಬಿನದೇ ಪಡಿಯಚ್ಚು ಶಸ್ತ್ರ ಹಿಡಿಯುವ ಮುನ್ನವೇ ವೈದ್ಯನ ಕೈಗೆ ಬರುವುದು. ಲೋಹದ ಪಟ್ಟಿಯನ್ನು ಅದರ ಮೇಲಿಟ್ಟು ಮೊದಲೇ ಬಗ್ಗಿಸಿಕೊಂಡರೆ ಗಾಯ ತೆರೆದಿರುವ ಹೊತ್ತು ಅಷ್ಟು ಕಡಮೆಯಾದೀತು. ಎಲುಬನ್ನು ಬಳಸಿದ ನರಗಳೂ ರಕ್ತನಾಳಗಳೂ ಮಾತ್ರ ಈ ಬೊಂಬೆಯಲ್ಲಿಲ್ಲ. ಅವುಗಳ ಜ್ಞಾನಕ್ಕೆ ಸುಶ್ರುತನು ವಿಧಿಸಿದ ಶವಶೋಧನವು ಇಂದಿಗೂ ತಪ್ಪಿದ್ದಲ್ಲ.