ರ‍್ಯಾಮ್ಸ್ ತಂಡದ ಚರಿತ್ರೆಯಲ್ಲಿ ಮರೆಯಾದ ಕೆಲವು ವ್ಯಕ್ತಿಗಳು

ಕ್ರೀಡೆಯ ಇತಿಹಾಸವನ್ನು ಇತಿಹಾಸದ ಒಂದು ಅಂಗವೆಂದು ಎಣಿಸುವವರು ನಮ್ಮ ವಿದ್ವಾಂಸರಲ್ಲಿ ವಿರಳ. ಗೆದ್ದವರ ಹೆಸರು, ಪಂದ್ಯದ ಅಂಕಗಳು, ಬಹುಮಾನದ ಬಟ್ಟಲು, ಇಷ್ಟರಲ್ಲಿಯೇ ಆ ವಿಷಯ ಮುಗಿದುಹೋಗುವುದೆಂಬ ಭಾವನೆ ಬಲವಾಗಿದೆ. ಆದರೆ ವೃತ್ತಿ ತಂಡವೆಂದಮೇಲೆ ಅದಕ್ಕೊಬ್ಬ ಒಡೆಯನಿರುತ್ತಾನೆ, ಬಂಡವಾಳವಿರುತ್ತದೆ, ಆಡುವುದಕ್ಕೆ ನೆಲ ಬೇಕಾಗುತ್ತದೆ. ಆ ನೆಲ ಯಾರದು, ಅದನ್ನು ಕಟ್ಟಿದ ಹಣ ಯಾರದು ಎಂಬ ಪ್ರಶ್ನೆ ಎದ್ದೊಡನೆಯೇ ನಾವು ಆಟದ ಬಯಲನ್ನು ಬಿಟ್ಟು ರಾಜ್ಯಶಾಸ್ತ್ರದ ಬಯಲಿಗೆ ಬಂದಿರುತ್ತೇವೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ರ‍್ಯಾಮ್ಸ್ ತಂಡದ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ.

ಅಮೆರಿಕನ್ ಫುಟ್‌ಬಾಲ್ ಎಂಬುದು ನಮ್ಮ ದೇಶದಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಎದುರಾಳಿಯನ್ನು ಕೆಡವುವುದು ಅದರ ಮುಖ್ಯ ಕ್ರಮ. ಈ ಆಟದ ವೃತ್ತಿ ತಂಡಗಳ ಒಕ್ಕೂಟವಾದ ನ್ಯಾಷನಲ್ ಫುಟ್‌ಬಾಲ್ ಲೀಗ್ ಸ್ಥಾಪನೆಯಾದುದು 1920ರಲ್ಲಿ. 1946ರಲ್ಲಿ ರ‍್ಯಾಮ್ಸ್ ತಂಡದ ಒಡೆಯ ಡಾನ್ ರೀವ್ಸನು ಕೆನ್ನಿ ವಾಷಿಂಗ್ಟನ್ ಎಂಬ ಕರಿಯ ಆಟಗಾರನನ್ನು ಸೇರಿಸಿಕೊಂಡು, ಹನ್ನೆರಡು ವರ್ಷಗಳಿಂದ ಲೀಗಿನಲ್ಲಿ ನಡೆದುಬಂದಿದ್ದ ವರ್ಣನಿಷೇಧವನ್ನು ಮುರಿದನೆಂದು ಸಾಮಾನ್ಯ ಗ್ರಂಥಗಳು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ಆ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಅದರಲ್ಲಿ ಕರ್ತೃಪದದ ಸ್ಥಾನದಲ್ಲಿರುವವನು ಒಡೆಯ. ಆ ಸ್ಥಾನಕ್ಕೆ ಬೇರೆಯವರಿಗೂ ಹಕ್ಕಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಮುಂದೆ ವಾಷಿಂಗ್ಟನ್ ಎಂಬ ನಗರದ ಹೆಸರೂ, ಅಲ್ಲಿಯ ತಂಡದ ಹೆಸರೂ ಬರುವುದರಿಂದ, ವಾಚಕರಿಗೆ ಗೊಂದಲವಾಗದಂತೆ ಈ ಆಟಗಾರನನ್ನು ನಾವು ಕೆನ್ನಿ ಎಂದೇ ಕರೆಯುತ್ತೇವೆ.

ರ‍್ಯಾಮ್ಸ್ ಎಂದರೆ ಟಗರುಗಳು. ತಂಡ ಹುಟ್ಟಿದ್ದು ಲಾಸ್ ಏಂಜಲೀಸಿನಲ್ಲಲ್ಲ, ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ, 1936ರಲ್ಲಿ. ಹೆಸರನ್ನು ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾನಿಲಯದ ತಂಡದಿಂದ ಎರವಲು ಪಡೆಯಲಾಯಿತು. ಮರುವರ್ಷ ಅದು ಲೀಗನ್ನು ಸೇರಿತು. 1941ರಲ್ಲಿ ಅದನ್ನು ಕೊಂಡ ರೀವ್ಸನು ನ್ಯೂಯಾರ್ಕಿನ ದಿನಸಿ ಅಂಗಡಿಗಳ ಸಾಲೊಂದರಿಂದ ಸಿರಿವಂತವಾಗಿದ್ದ ಮನೆತನದವನು. 1945ರ ಡಿಸೆಂಬರ್ 16ರಂದು, ಮೈ ಹೆಪ್ಪುಗಟ್ಟಿಸುವ ಚಳಿಯಲ್ಲಿ, ಈ ತಂಡವು ವಾಷಿಂಗ್ಟನ್ ನಗರದ ತಂಡವನ್ನು 15–14ರಿಂದ ಸೋಲಿಸಿ ಪ್ರಶಸ್ತಿಯನ್ನು ಗೆದ್ದಿತು. ಎದುರಾಳಿಯು ತನ್ನ ಗುರಿಗೆರೆಯ ಹಿಂದಿನಿಂದ ಎಸೆದ ಚೆಂಡು ಗೋಲುಕಂಬಕ್ಕೆ ಬಡಿದುದರಿಂದ, ಅಂದಿನ ನಿಯಮದಂತೆ ದೊರೆತ ಎರಡು ಅಂಕಗಳೇ ಗೆಲುವಿಗೆ ಕಾರಣವಾದುವು. ಗೆದ್ದರೂ ಆ ವರ್ಷ ಒಡೆಯನಿಗೆ ನಷ್ಟವೇ ಆಯಿತು. ಆದುದರಿಂದ 1946ರ ಜನವರಿಯಲ್ಲಿ ಅವನು ತಂಡವನ್ನು ಪಶ್ಚಿಮ ಕರಾವಳಿಗೆ ಒಯ್ಯಲು ನಿಶ್ಚಯಿಸಿದನು. ಇತರ ಒಡೆಯರು ಮೊದಲು ಒಪ್ಪಲಿಲ್ಲ. ಲೀಗನ್ನೇ ಬಿಡುವುದಾಗಿ ಬೆದರಿಸಿದ ಮೇಲೆ ಒಪ್ಪಿದರು.

ಈ ಲೀಗಿನಲ್ಲಿ ಕರಿಯರಿಗೆ ಎಂದೂ ಎಡೆಯಿರಲಿಲ್ಲವೆಂದು ಭಾವಿಸುವುದು ತಪ್ಪು. ಆರಂಭದ ವರ್ಷಗಳಲ್ಲಿ ಫ್ರಿಟ್ಜ್ ಪೊಲಾರ್ಡ್, ಡ್ಯೂಕ್ ಸ್ಲೇಟರ್ ಮುಂತಾದವರು ಆಡಿದ್ದರು. ಗಾಯಕನಾಗಿ ನಮ್ಮ ದೇಶದಲ್ಲಿಯೂ ಹೆಸರಾದ, 1958ರಲ್ಲಿ ಅರುವತ್ತನೆಯ ಹುಟ್ಟುಹಬ್ಬವನ್ನು ಭಾರತದಲ್ಲಿ ಆಚರಿಸಲಾದ ಪಾಲ್ ರೋಬ್ಸನ್ ಸಹ 1921–22ರಲ್ಲಿ ಈ ಲೀಗಿನ ಆಟಗಾರನಾಗಿದ್ದನೆಂಬುದನ್ನು ಬಲ್ಲವರು ಕಡಮೆ. 1933ರ ತರುವಾಯ ಈ ಬಾಗಿಲು ಮುಚ್ಚಿತು. 1934ರಿಂದ 1945ರವರೆಗೆ ಒಬ್ಬ ಕರಿಯನೂ ಆಡಲಿಲ್ಲ. ಗಮನಿಸಬೇಕಾದುದೇನೆಂದರೆ, ಇದಕ್ಕೆ ಲಿಖಿತ ನಿಯಮವಾವುದೂ ಇರಲಿಲ್ಲ. ಬರೆದಿಟ್ಟ ನಿಯಮವನ್ನು ರದ್ದುಮಾಡಬಹುದು. ಬರೆಯದೆ ನಡೆಸಿಕೊಂಡು ಬಂದುದನ್ನು ಎಲ್ಲಿ ಹಿಡಿಯಬೇಕು? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡವನು ಒಬ್ಬ ಪತ್ರಿಕಾ ಬರಹಗಾರ.

ಲಾಸ್ ಏಂಜಲೀಸಿಗೆ ಬಂದ ರೀವ್ಸನಿಗೆ ಬೇಕಾಗಿದ್ದುದು ಕಲೋಸಿಯಮ್ ಎಂಬ ಮಹಾ ಕ್ರೀಡಾಂಗಣ. 1923ರಲ್ಲಿ ತೆರೆದ ಈ ಅಂಗಣ ಭಾರತೀಯರಿಗೆ ಅಪರಿಚಿತವಲ್ಲ. 1932ರ ಒಲಿಂಪಿಕ್ ಪಂದ್ಯಗಳಲ್ಲಿ ಧ್ಯಾನಚಂದ್, ರೂಪ್ ಸಿಂಗ್ ಸಹೋದರರಿದ್ದ ನಮ್ಮ ಹಾಕಿ ತಂಡವು ಅಮೆರಿಕವನ್ನು 24–1 ಗೋಲುಗಳಿಂದ ಸೋಲಿಸಿದುದು ಇದೇ ಅಂಗಣದಲ್ಲಿ. ಇದು ಖಾಸಗಿ ಸ್ವತ್ತಲ್ಲ. ನಗರ, ಕೌಂಟಿ, ರಾಜ್ಯ, ಈ ಮೂರರ ಪ್ರತಿನಿಧಿಗಳನ್ನೊಳಗೊಂಡ ಆಯೋಗವೊಂದು ಇದನ್ನು ನೋಡಿಕೊಳ್ಳುತ್ತಿತ್ತು. ಬಾಡಿಗೆಯ ಕರಾರನ್ನು ಚರ್ಚಿಸಲು ಆಯೋಗವು 1946ರ ಜನವರಿ 15ರಂದು ಬಹಿರಂಗ ಸಭೆಯನ್ನು ಕರೆಯಿತು. ಅಲ್ಲಿಗೆ ಬಂದು ಮಾತಿಗೆ ನಿಂತವನು ಹ್ಯಾಲಿ ಹಾರ್ಡಿಂಗ್.

ಹಾರ್ಡಿಂಗನು ‘ಲಾಸ್ ಏಂಜಲೀಸ್ ಟ್ರಿಬ್ಯೂನ್’ ಎಂಬ ಕರಿಯರ ವಾರಪತ್ರಿಕೆಯ ಕ್ರೀಡಾ ಸಂಪಾದಕ. 1941ರಲ್ಲಿ ಆ ಪತ್ರಿಕೆಯನ್ನು ಪ್ರಾರಂಭಿಸಿ ನಡೆಸುತ್ತಿದ್ದವಳು ಆಲ್ಮೀನಾ ಡೇವಿಸ್ ಎಂಬ ಮಹಿಳೆ. ವಿವಾಹಾನಂತರದ ಲೋಮ್ಯಾಕ್ಸ್ ಎಂಬ ಹೆಸರಿನಿಂದ ಈಕೆ ಹೆಚ್ಚು ಪರಿಚಿತಳು. ಹಾರ್ಡಿಂಗನು ಬರಿಯ ಬರಹಗಾರನಾಗಿರಲಿಲ್ಲ. ಹರೆಯದಲ್ಲಿ ತಾನೇ ನೀಗ್ರೋ ಲೀಗಿನ ಬೇಸ್‌ಬಾಲ್ ಆಟಗಾರನಾಗಿದ್ದು, ಪ್ರಸಿದ್ಧವಾದ ಕನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿಯೂ ಆಡಿದ್ದವನು. ಬಾಗಿಲಾಚೆ ನಿಲ್ಲಿಸುವುದೆಂದರೇನೆಂಬುದು ಅವನಿಗೆ ಪುಸ್ತಕದಿಂದ ತಿಳಿದುದಲ್ಲ.

ಆ ದಿನ ಅವನು ಮಂಡಿಸಿದ ವಾದದ ರೀತಿ ಪರಿಶೀಲನಾರ್ಹವಾಗಿದೆ. ಪೊಲಾರ್ಡ್ ಮೊದಲಾದವರನ್ನು ಹೆಸರಿಸಿ, ಕರಿಯರು ಹಿಂದೆ ಆಡಿದ್ದರೆಂಬುದನ್ನು ಆಯೋಗದ ಗಮನಕ್ಕೆ ತಂದನು. ನಿಷೇಧವು ಅನಾದಿಯಲ್ಲ, ಯಾರೋ ತಂದುದು ಎಂದಾಯಿತು. ಅದನ್ನು ತಂದವರಲ್ಲಿ ಪ್ರಮುಖನು ವಾಷಿಂಗ್ಟನ್ ತಂಡದ ಒಡೆಯ ಜಾರ್ಜ್ ಪ್ರೆಸ್ಟನ್ ಮಾರ್ಷಲನೆಂದು ಬೆಟ್ಟುಮಾಡಿದನು. ಎಲ್ಲಕ್ಕಿಂತ ಮುಖ್ಯವಾಗಿ, ಕಲೋಸಿಯಮ್ ಸಾರ್ವಜನಿಕ ಸ್ವತ್ತು, ಕರಿಯರೂ ತೆರಿಗೆ ತೆರುವವರು. ಅವರನ್ನು ಹೊರಗಿಡುವ ತಂಡಕ್ಕೆ ಅವರ ಹಣದಿಂದ ನಿಂತ ಅಂಗಣವನ್ನು ಬಾಡಿಗೆಗೆ ಕೊಡುವುದು ಹೇಗೆ ಎಂದು ಕೇಳಿದನು. ಸಮಾನತೆಯ ತತ್ತ್ವವನ್ನು ಅವನು ಬಿಟ್ಟುಕೊಡಲಿಲ್ಲ. ಆದರೆ ಅದನ್ನು ತೂಗುಹಾಕಿದುದು ಬಾಡಿಗೆಯ ಕರಾರೆಂಬ ಗಟ್ಟಿಯಾದ ಮೊಳೆಗೆ. ತಂಡದ ವ್ಯವಸ್ಥಾಪಕ ಚೈಲ್ ವಾಲ್ಶ್ ಎದ್ದು, ಲೀಗಿನ ನಿಯಮಗಳಲ್ಲಿ ಅಂಥ ನಿಷೇಧವೇನೂ ಇಲ್ಲವೆಂದು ಸಮಾಧಾನ ಹೇಳಬೇಕಾಯಿತು. ಬರೆಯದ ನಿಯಮವು ಕೈಗೆ ಸಿಕ್ಕಿದುದು ಇಲ್ಲಿಯೇ: ನಿಷೇಧವಿಲ್ಲವೆಂದು ಬಹಿರಂಗವಾಗಿ ಹೇಳಿದ ಮೇಲೆ, ಕಣ್ಣೆದುರಿಗೇ ಇರುವ ಆಟಗಾರನನ್ನು ತೆಗೆದುಕೊಳ್ಳದಿರಲು ಯಾವ ಕಾರಣವನ್ನು ಕೊಡಬಹುದು?

ಮಾರ್ಚ್ 21ರಂದು ಕೆನ್ನಿಯ ಕರಾರಿಗೆ ಸಹಿ ಬಿದ್ದಿತು. ರೀವ್ಸನು ಉದಾರಿಯಾಗಿದ್ದನೋ ಇಲ್ಲವೋ ಎಂಬ ಚರ್ಚೆ ನಮಗೆ ಅಷ್ಟು ಫಲಪ್ರದವಾಗಿ ಕಾಣುವುದಿಲ್ಲ. ಆಟಗಾರರನ್ನು ಹುಡುಕುವುದರಲ್ಲಿ ಅವನು ಇತರರಿಗಿಂತ ಮುಂದಾಗಿದ್ದುದೂ ನಿಜ. 1949ರಲ್ಲಿ ಕರಿಯರ ಕಾಲೇಜಾದ ಗ್ರ್ಯಾಂಬ್ಲಿಂಗಿನಿಂದ ಪಾಲ್ ಯಂಗರನನ್ನು ಕರೆತಂದುದು ಅವನ ತಂಡವೇ. ಆದರೆ 1941ರಿಂದ 1945ರವರೆಗೆ ಅದೇ ಒಡೆಯನ ಅದೇ ತಂಡವು ಕ್ಲೀವ್‌ಲ್ಯಾಂಡಿನಲ್ಲಿ ಒಬ್ಬ ಕರಿಯನನ್ನೂ ಸೇರಿಸಿಕೊಂಡಿರಲಿಲ್ಲ. ಒಡೆಯ ಬದಲಾಗಲಿಲ್ಲ, ಬದಲಾದುದು ನೆಲ. ಇದನ್ನು ನೋಡಿದರೆ ಕಾರಣವು ಎಲ್ಲಿದೆಯೆಂಬುದು ನಮ್ಮ ಮಟ್ಟಿಗೆ ಸ್ಪಷ್ಟ.

ಇನ್ನು ಕೆನ್ನಿಯ ವಿಷಯ. ಅವನ ತಂದೆ ಎಡ್ಗರ್ ‘ಬ್ಲೂ’ ವಾಷಿಂಗ್ಟನ್ 1920ರಲ್ಲಿ ಮೊನಾರ್ಕ್ಸ್ ತಂಡದಲ್ಲಿ ಆಡಿದ್ದವನು. ಹಾರ್ಡಿಂಗನೂ ಮುಂದೆ ಸೇರಿದ್ದುದು ಇದೇ ತಂಡವನ್ನು. ತಂದೆಯು ತರುವಾಯ ಹಾಲಿವುಡ್ಡಿನ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸುತ್ತ ಅಲೆದಾಡುತ್ತಿದ್ದುದರಿಂದ, ಹುಡುಗನನ್ನು ಸಾಕಿ ಬೆಳೆಸಿದವರು ಅಜ್ಜಿ ಸೂಸಿ ಮತ್ತು ಚಿಕ್ಕಪ್ಪ ರಾಕಿ. ಈ ರಾಕಿ ವಾಷಿಂಗ್ಟನ್ ಲಾಸ್ ಏಂಜಲೀಸ್ ಪೋಲೀಸು ಇಲಾಖೆಯಲ್ಲಿ ಮೇಲೇರಿದ ಮೊದಲ ಕರಿಯ ಅಧಿಕಾರಿಗಳಲ್ಲೊಬ್ಬ. 1939ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯ ತಂಡದಲ್ಲಿ ಕೆನ್ನಿ, ವುಡಿ ಸ್ಟ್ರೋಡ್, ರೇ ಬಾರ್ಟ್‌ಲೆಟ್, ಮುಂದೆ ಬೇಸ್‌ಬಾಲಿನಲ್ಲಿ ಜಗತ್ಪ್ರಸಿದ್ಧನಾದ ಜಾಕಿ ರಾಬಿನ್ಸನ್, ಹೀಗೆ ನಾಲ್ವರು ಕರಿಯರು ಜೊತೆಯಾಗಿದ್ದರು. ಆ ವರ್ಷದ ಕೊನೆಯ ಪಂದ್ಯವನ್ನು ಕಲೋಸಿಯಮ್ಮಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕೆನ್ನಿ ಆ ವರ್ಷ ದೇಶದ ಕಾಲೇಜು ಆಟಗಾರರಲ್ಲಿ ಅತ್ಯಧಿಕ ದೂರವನ್ನು ಗಳಿಸಿದವನು. ಆದರೂ ಯಾವ ವೃತ್ತಿ ತಂಡವೂ ಅವನನ್ನು ಕರೆಯಲಿಲ್ಲ.

ಮುಂದಿನ ಆರು ವರ್ಷಗಳ ಅವಧಿಯಲ್ಲಿ ಅವನು ಹೆಚ್ಚಾಗಿ ಹಾಲಿವುಡ್ ಬೇರ್ಸ್ ಎಂಬ ಪ್ರಾಂತೀಯ ತಂಡದಲ್ಲಿ ಆಡಿದನು. ಮೊಣಕಾಲುಗಳು ಕೆಟ್ಟು ಶಸ್ತ್ರಚಿಕಿತ್ಸೆಗೊಳಗಾದುವು. ರ‍್ಯಾಮ್ಸ್ ತಂಡ ಅವನನ್ನು ಕರೆದಾಗ ಅವನ ವಯಸ್ಸು 27. ಈ ಆಟದಲ್ಲಿ ಓಟಗಾರನ ಸತ್ತ್ವ ಇಳಿಮುಖವಾಗುವ ಕಾಲ ಅದು. 1947ರಲ್ಲಿ ಅವನು ಒಂದೇ ಓಟದಲ್ಲಿ 92 ಗಜಗಳನ್ನು ಕ್ರಮಿಸಿದನು; ಆ ವರ್ಷ ಪ್ರತಿ ಓಟಕ್ಕೆ ಸರಾಸರಿ 7.4 ಗಜಗಳನ್ನು ಗಳಿಸಿ ಲೀಗಿನಲ್ಲಿ ಅಗ್ರಸ್ಥಾನ ಪಡೆದನು. ಮರುವರ್ಷವೇ ಆಟದಿಂದ ನಿವೃತ್ತನಾದನು. ಕೆಟ್ಟ ಮೊಣಕಾಲಿನ ಓಟ ಹೀಗಿದ್ದರೆ, 1940ರಲ್ಲಿ ಅದು ಹೇಗಿದ್ದಿರಬೇಕು! ಅಂಕಿಅಂಶಗಳ ಪಟ್ಟಿಯಲ್ಲಿ ಆ ಆರು ವರ್ಷಗಳಿಗೆ ಒಂದು ಸಾಲೂ ಇಲ್ಲ. ಅವನು ತೀರಿಕೊಂಡುದು 1971ರಲ್ಲಿ, 52ನೆಯ ವಯಸ್ಸಿನಲ್ಲಿ. ರೀವ್ಸನೂ ಅದೇ ವರ್ಷ ಕಾಲವಾದನು.

ಕೆನ್ನಿಗೆ ಜೊತೆಯೊಬ್ಬನಿರಲೆಂದು ತಂಡದವರು 1946ರ ಮೇ 7ರಂದು ಸ್ಟ್ರೋಡನನ್ನೂ ಸೇರಿಸಿಕೊಂಡರು. ಅವನಿಗಾಗಲೇ 31 ವರ್ಷ. ಹೆಚ್ಚಾಗಿ ಆಡಿಸದೆ ಒಂದೇ ವರ್ಷದಲ್ಲಿ ಬಿಟ್ಟುಬಿಟ್ಟರು. ಚಿಕಾಗೋ ನಗರದಲ್ಲಿ ತಂಡ ಇಳಿದುಕೊಂಡ ಹೋಟೆಲಿನವರು ಈ ಇಬ್ಬರಿಗೆ ಕೊಠಡಿ ನಿರಾಕರಿಸಲು, ತಂಡದವರು ಕೈಗೆ ಹಣ ಕೊಟ್ಟು ಬೇರೆಡೆಗೆ ಕಳುಹಿಸಿದ ಪ್ರಸಂಗವನ್ನು ಸ್ಟ್ರೋಡನು 1990ರಲ್ಲಿ ಹೊರಬಂದ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಅವರು ಕರಿಯರ ಹೋಟೆಲೊಂದರಲ್ಲಿ ಕೌಂಟ್ ಬೇಸಿಯ ವಾದ್ಯಮೇಳವನ್ನು ಕೇಳುತ್ತ ಕುಳಿತಿರಲು, ಸಹ ಆಟಗಾರ ಬಾಬ್ ವಾಟರ್‌ಫೀಲ್ಡ್ ಬಂದು ಹಿಂದಿರುಗಬಹುದೆಂದು ತಿಳಿಸಿದನಂತೆ, ಇವರು ಹಿಂದಿರುಗಲಿಲ್ಲ.

ಸ್ಟ್ರೋಡನ ಮೂಲಕ ಒಂದು ಭಾರತೀಯ ಸಂಬಂಧವೂ ದೊರೆಯುತ್ತದೆ. ಹ್ಯೂಬರ್ಟ್ ಸ್ಟೋವಿಟ್ಸ್ ಎಂಬ ಅಮೆರಿಕನ್ ಕಲಾವಿದನು ಮೊದಲು ರಷ್ಯದ ನರ್ತಕಿ ಅನ್ನಾ ಪಾವ್ಲೋವಳ ತಂಡದಲ್ಲಿ ನರ್ತಕನಾಗಿದ್ದು, 1930ರ ಆಸುಪಾಸಿನಲ್ಲಿ ಭಾರತದಲ್ಲಿ ಸಂಚರಿಸಿ ಇಲ್ಲಿಯ ಕಸಬುದಾರರನ್ನೂ ಕುಶಲಕರ್ಮಿಗಳನ್ನೂ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಬಿಡಿಸಿದನು. ಆ ಮಾಲೆಗೆ ಅವನು ಕೊಟ್ಟ ಹೆಸರಿನ ಅರ್ಥ ‘ಮರೆಯಾಗುತ್ತಿರುವ ಭಾರತ’ ಎಂದು. ಅದೇ ಕೈ ಮುಂದೆ ಅಮೆರಿಕದ ಕ್ರೀಡಾಪಟುಗಳನ್ನು ಚಿತ್ರಿಸಿತು. ಅವರಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದ ಸ್ಟ್ರೋಡನೂ ಒಬ್ಬ. 1936ರ ಒಲಿಂಪಿಕ್ ಸಮಯದಲ್ಲಿ ಆ ಚಿತ್ರಗಳನ್ನು ಬರ್ಲಿನ್ನಿನಲ್ಲಿ ಪ್ರದರ್ಶಿಸಲಾಗಿ, ಕರಿಯರ ಮತ್ತು ಯೆಹೂದ್ಯರ ಚಿತ್ರಗಳಿವೆಯೆಂಬ ಕಾರಣದಿಂದ ನಾಜಿ ಅಧಿಕಾರಿಗಳು ಪ್ರದರ್ಶನವನ್ನು ಮುಚ್ಚಿಸಿದರು. ಬರ್ಲಿನ್ನಿನಲ್ಲಿ ಗೋಡೆಯ ಮೇಲೆ ಚಿತ್ರವಾಗಿಯೂ ಇರಕೂಡದವನು, ತನ್ನ ದೇಶದಲ್ಲಿಯೇ ಇನ್ನೂ ಹತ್ತು ವರ್ಷ ಲೀಗಿನ ಹೊರಗಿದ್ದನು. ರ‍್ಯಾಮ್ಸ್ ಬಿಟ್ಟ ಮೇಲೆ ಅವನು ಕೆನಡಾ ದೇಶಕ್ಕೆ ಹೋಗಿ 1948ರಲ್ಲಿ ಕ್ಯಾಲ್ಗರಿ ತಂಡದೊಡನೆ ಅಲ್ಲಿಯ ಗ್ರೇ ಕಪ್ಪನ್ನು ಗೆದ್ದನು. 1960ರ ‘ಸ್ಪಾರ್ಟಕಸ್’ ಚಲನಚಿತ್ರದಲ್ಲಿ, ಸೋತವನನ್ನು ಕೊಲ್ಲಲೊಪ್ಪದೆ ರೋಮನ್ ಪ್ರಭುಗಳತ್ತಲೇ ತ್ರಿಶೂಲವನ್ನೆಸೆಯುವ ಮಲ್ಲನ ಪಾತ್ರವನ್ನು ಅಭಿನಯಿಸಿದವನು ಇವನೇ.

ಹಾರ್ಡಿಂಗನು ಬೆಟ್ಟುಮಾಡಿದ್ದ ಮಾರ್ಷಲನ ಕಥೆ ಏನಾಯಿತೆಂಬುದನ್ನು ಹೇಳದಿದ್ದರೆ ನಮ್ಮ ವಾದ ಅಪೂರ್ಣವಾಗುತ್ತದೆ. ಇತರ ತಂಡಗಳು ಒಂದೊಂದಾಗಿ ಬಾಗಿಲು ತೆರೆದರೂ, ಅಂದು ರೆಡ್‌ಸ್ಕಿನ್ಸ್ ಎಂದು ಕರೆಯಲಾಗುತ್ತಿದ್ದ ಅವನ ತಂಡವು 1961ರವರೆಗೂ ಬಿಳಿಯರದಾಗಿಯೇ ಉಳಿಯಿತು. ಆ ವರ್ಷ ವಾಷಿಂಗ್ಟನ್ ನಗರದಲ್ಲಿ ಅದಕ್ಕೆ ಹೊಸ ಕ್ರೀಡಾಂಗಣ ಸಿದ್ಧವಾಯಿತು. ಅದಿದ್ದುದು ಕೇಂದ್ರ ಸರ್ಕಾರದ ನೆಲದಲ್ಲಿ. ಕೆನಡಿಯ ಮಂತ್ರಿಮಂಡಲದಲ್ಲಿ ಒಳನಾಡಿನ ಭೂಮಿಗಳ ಖಾತೆಯನ್ನು ವಹಿಸಿದ್ದ ಸ್ಟೂವರ್ಟ್ ಯೂಡಾಲನು, ನೇಮಕದಲ್ಲಿ ವರ್ಣಭೇದ ಮಾಡುವವರಿಗೆ ಈ ನೆಲದಲ್ಲಿ ಆಡುವ ಹಕ್ಕಿಲ್ಲವೆಂದು ಎಚ್ಚರಿಸಿದನು. ಮಾರ್ಷಲನು ಹಟ ಹಿಡಿದನು, ಹಾಸ್ಯ ಮಾಡಿದನು, ಕೊನೆಗೆ ಮಣಿದನು. 1962ರಲ್ಲಿ ಬಾಬಿ ಮಿಚೆಲ್ ಮೊದಲಾದ ಕರಿಯ ಆಟಗಾರರು ಆ ತಂಡದ ಪರವಾಗಿ ಕಣಕ್ಕಿಳಿದರು. ಲಾಸ್ ಏಂಜಲೀಸಿನ ವಾರಪತ್ರಿಕೆಯೊಂದರ ಕ್ರೀಡಾ ಸಂಪಾದಕನು ಎತ್ತಿದ್ದ ನೆಲದ ವಾದವನ್ನು, ಹದಿನೈದು ವರ್ಷಗಳ ತರುವಾಯ, ಅದೇ ಮಾರ್ಷಲನ ಮುಂದೆ ಕೇಂದ್ರ ಸರ್ಕಾರದ ಮಂತ್ರಿಯೊಬ್ಬನು ಮಂಡಿಸಿದ್ದನು.