ಊರ ರಸ್ತೆಯಲ್ಲಿ ರೇಸು: ಶೋಲಾವರಂನಿಂದ ಚೆನ್ನೈವರೆಗೆ

ನಮ್ಮ ದೇಶದಲ್ಲಿ ಕಾರ್ ರೇಸು ಬೆಳೆದದ್ದು ಹಳೆಯ ವಿಮಾನಪಟ್ಟಿಗಳ ಮೇಲೆ. ಮದ್ರಾಸಿನ ಹತ್ತಿರದ ಶೋಲಾವರಂ ಅವುಗಳಲ್ಲಿ ಹೆಸರುವಾಸಿ. ಬೆಂಗಳೂರಿನ ವಿಜಯ್ ಮಲ್ಯ ಅಲ್ಲಿ ಎನ್‌ಸೈನ್ ಫಾರ್ಮುಲಾ 1 ಕಾರನ್ನೇ ಓಡಿಸಿದ್ದರು. 1990ರಲ್ಲಿ ಇರುಂಗಾಟ್ಟುಕೋಟೈಯ ಟ್ರ್ಯಾಕ್, ಆಮೇಲೆ ಕೊಯಮತ್ತೂರಿನದು ಬಂದವು. 2011ರಲ್ಲಿ ಗ್ರೇಟರ್ ನೋಯ್ಡಾಕ್ಕೆ ಬಂದ ಫಾರ್ಮುಲಾ 1 ಮೂರೇ ವರ್ಷಕ್ಕೆ ನಿಂತಿತು.

ಊರಿನ ರಸ್ತೆಯನ್ನೇ ಮುಚ್ಚಿ ರೇಸು ನಡೆಸುವುದು ಮೊನಾಕೊದಲ್ಲಿ 1929ರಿಂದ ಇದೆ. ಅಲ್ಲಿ ತಿರುವು ಕಿರಿದು, ವೇಗ ಕಡಿಮೆ. ಸೌದಿಯ ಜೆಡ್ಡಾದಲ್ಲಿ 2021ರಲ್ಲಿ ಶುರುವಾದ ಸರ್ಕ್ಯೂಟ್ ಆ ಲೆಕ್ಕವನ್ನೇ ಬದಲಿಸಿತು: 6.174 ಕಿ.ಮೀ. ಉದ್ದ, 27 ತಿರುವು, ಗಂಟೆಗೆ ಸರಾಸರಿ 250 ಕಿ.ಮೀ. ಮೀರಿದ ವೇಗ, ಎರಡೂ ಬದಿಗೆ ಅಂಟಿದ ಗೋಡೆ. ಅಲ್ಲಿ 2024ರಲ್ಲಿ, ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಮುಖ್ಯ ರೇಸಿನಲ್ಲಿ ಎರಡನೆಯವನಾಗಿ ಬಂದದ್ದು ಬೆಂಗಳೂರಿನ ಹುಡುಗ ಕುಶ್ ಮೈನಿ. ಮರುವರ್ಷ ಮೊನಾಕೊದಲ್ಲಿ ಸ್ಪ್ರಿಂಟ್ ಎಂಬ ಕಿರು ರೇಸನ್ನು ಗೆದ್ದ.

ರಸ್ತೆ ರೇಸಿನ ಕಷ್ಟ ಡಾಂಬರಿನ ಅಡಿಯಲ್ಲೇ ಇದೆ. ರೇಸ್ ಕಾರಿನ ತಳ ನೆಲಕ್ಕೆ ತಾಗಿದಂತೆ ಓಡುತ್ತದೆ. ಅದರ ಕೆಳಗೆ ಗಾಳಿಯ ಒತ್ತಡ ಕುಸಿದು, ಕಾರು ನೆಲವನ್ನು ಹೀರಿ ಹಿಡಿಯುತ್ತದೆ. ಆ ಹೀರುವಿಕೆಗೆ ರಸ್ತೆಯ ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳವೂ ಎದ್ದು ಬರಬಹುದು. ಅದಕ್ಕೇ ಈ ಮುಚ್ಚಳಗಳನ್ನು ವೆಲ್ಡ್ ಮಾಡಿ ಬಿಗಿಯುತ್ತಾರೆ. ಇಷ್ಟಾಗಿಯೂ 2023ರಲ್ಲಿ ಲಾಸ್ ವೇಗಸ್‌ನ ಮೊದಲ ಅಭ್ಯಾಸದಲ್ಲೇ ನೀರಿನ ವಾಲ್ವಿನ ಮುಚ್ಚಳ ಕಿತ್ತು ಬಂದು ಕಾರ್ಲೋಸ್ ಸೈನ್ಸ್ ಅವರ ಫೆರಾರಿಯ ತಳ ಹಾಳಾಯಿತು, ಅಭ್ಯಾಸ ನಿಂತಿತು.

ಹೈದರಾಬಾದಿನಲ್ಲಿ 2023ರ ಫೆಬ್ರುವರಿ 11ರಂದು ಹುಸೇನ್ ಸಾಗರದ ದಂಡೆಯ 2.83 ಕಿ.ಮೀ. ಸರ್ಕ್ಯೂಟಿನಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಇ ರೇಸು ನಡೆಯಿತು. ಮರುವರ್ಷದ ರೇಸು ರದ್ದಾಯಿತು. ಚೆನ್ನೈಯ 3.5 ಕಿ.ಮೀ. ರಸ್ತೆ ಸರ್ಕ್ಯೂಟಿನ ರೇಸು 2023ರ ಡಿಸೆಂಬರಿನ ಚಂಡಮಾರುತಕ್ಕೆ ಸಿಕ್ಕಿ ಮುಂದೆ ಹೋಗಿ, ಕೊನೆಗೆ 2024ರ ಆಗಸ್ಟ್ ಅಂತ್ಯದಲ್ಲಿ ರಾತ್ರಿಯ ದೀಪದಡಿ ನಡೆಯಿತು. ಚೆನ್ನೈ ಇದನ್ನು ದಡ ಸೇರಿಸಿತೆಂದರೆ, ಅದಕ್ಕೆ ಕಾರಣ ಆ ಊರಿಗೆ ಶೋಲಾವರಂ ಕಾಲದಿಂದ ಇರುವ ರೇಸಿನ ಅಭ್ಯಾಸ. ಟ್ರ್ಯಾಕ್ ಕಾಯುವ ಮಾರ್ಷಲ್‌ಗಳು, ಮೆಕ್ಯಾನಿಕ್‌ಗಳು ಅಲ್ಲಿ ತಲೆಮಾರುಗಳಿಂದ ಇದ್ದಾರೆ.

ಹಾಗಾದರೆ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ? ವಿಜಯನಗರ, ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿ ಮೆಟ್ರೊ ಕಂಬಗಳಿವೆ, ಆಸ್ಪತ್ರೆಗಳಿವೆ. ಅದನ್ನು ಒಂದು ದಿನ ಮುಚ್ಚಿದರೂ ಆಂಬುಲೆನ್ಸಿಗೆ ದಾರಿಯಿಲ್ಲ. ಅಲ್ಲಿ ರೇಸು ಬೇಡವೇ ಬೇಡ. ಆದರೆ ಕೆಂಗೇರಿಯಾಚೆ ಮೈಸೂರು ರಸ್ತೆಯಲ್ಲಿ ರಾತ್ರಿ ಬೈಕಿನಲ್ಲಿ ವೀಲಿಂಗ್ ಮಾಡಿ ಬಿದ್ದು ಪ್ರಾಣ ಬಿಡುವ ಹುಡುಗರಿಗೆ ಪೊಲೀಸರ ದಂಡವೊಂದೇ ಉತ್ತರವಾಗಬಾರದು. ಕುಶ್ ಮೈನಿಯನ್ನು ಕೊಟ್ಟ ಊರಿನ ಹುಡುಗರು ರೇಸ್ ಕಾರು ಓಡಿಸಲು ಹೆಚ್ಚಾಗಿ ತಮಿಳುನಾಡಿಗೇ ಹೋಗಬೇಕಿದೆ. ಸರ್ಕಾರ ಬಿಡದಿಯ ಕಡೆ ಒಂದಿಷ್ಟು ಜಾಗ ಕೊಟ್ಟು, ಹೆಲ್ಮೆಟ್, ತಡೆಗೋಡೆ, ತರಬೇತುದಾರರಿರುವ ಒಂದು ಸಣ್ಣ ಟ್ರ್ಯಾಕನ್ನು ಮೊದಲು ಕಟ್ಟಿಸಲಿ.