ಡ್ರಾಯಿಂಗ್ ರೂಮಿನಲ್ಲಿ ಬಡಗಿ, ಬೆಡ್‌ರೂಮಿನಲ್ಲಿ ಲೇತು

ಮೊನ್ನೆ ಶನಿವಾರ ಪೇಟೆಗೆ ಹೋಗಿ ಒಂದು ತಾಮ್ರದ ತಗಡು, ಒಂದು ಕೊಡತಿ ತಂದೆ. ತಗಡು ಬಡಿದು ಬಟ್ಟಲು ಮಾಡೋಣ ಅಂತ. ವಾರವಿಡೀ ಕೀಬೋರ್ಡು ಕುಟ್ಟುವ ಕೈಗೆ ಇದೇನು ಮಹಾ ಅಂದುಕೊಂಡಿದ್ದೆ. ಅರ್ಧ ಗಂಟೆ ಬಡಿಯುವಷ್ಟರಲ್ಲಿ ಮೆತ್ತಗಿದ್ದ ತಗಡು ಬಿರುಸಾಗಿ, ಅಂಚಿನಲ್ಲಿ ಸೀಳು ಬಿಟ್ಟಿತು. ತಾಮ್ರ ಬಡಿದಷ್ಟೂ ಗಡುಸಾಗುತ್ತದೆ, ನಡುನಡುವೆ ಕೆಂಪಗೆ ಕಾಯಿಸಿ ಮೆದು ಮಾಡಿಕೊಳ್ಳಬೇಕು ಅಂತ ಆಮೇಲೆ ಗೊತ್ತಾಯಿತು. ಸರಿ, ಗ್ಯಾಸ್ ಒಲೆ ಮೇಲೆ ಕಾಯಿಸಿದೆ. ತಗಡೂ ಕಪ್ಪಾಯಿತು, ಒಲೆಯೂ ಕಪ್ಪಾಯಿತು. ಅಮ್ಮ ಏನೂ ಅನ್ನದೆ ಹುಣಸೆಹಣ್ಣು ತಂದು ಎರಡನ್ನೂ ಉಜ್ಜಿದಳು.

ಆಗ ನೆನಪಾದವಳು ಕ್ಯಾರೊಲೈನ್ ಹರ್ಷೆಲ್.

ಅವಳ ಅಣ್ಣ ವಿಲಿಯಂ ಹರ್ಷೆಲ್ ನಿಮಗೆ ಗೊತ್ತೇ ಇರ್ತಾನೆ. 1781ರಲ್ಲಿ ಯುರೇನಸ್ ಗ್ರಹ ಕಂಡುಹಿಡಿದವನು. ಹೈಸ್ಕೂಲಿನಲ್ಲಿ ಒಂದು ಮಾರ್ಕಿನ ಪ್ರಶ್ನೆ. ಆದರೆ ಅವನ ಹೊಟ್ಟೆಪಾಡು ಸಂಗೀತ ಅನ್ನೋದನ್ನ ನಮಗೆ ಯಾರೂ ಹೇಳಲಿಲ್ಲ. 1738ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿ, 1757ರಲ್ಲಿ ಇಂಗ್ಲೆಂಡಿಗೆ ಬಂದು, ಬಾತ್ ಎಂಬ ಊರಿನ ಚಾಪೆಲ್ಲಿನಲ್ಲಿ ಆರ್ಗನ್ ನುಡಿಸಿಕೊಂಡು, ಮನೆಪಾಠ ಹೇಳಿಕೊಂಡು ಇದ್ದವನು. 1772ರಲ್ಲಿ ತಂಗಿಯನ್ನೂ ಕರೆಸಿಕೊಂಡ, ಅವಳನ್ನು ಗಾಯಕಿ ಮಾಡೋಣ ಅಂತ.

ಮರುವರ್ಷ ಅವನಿಗೆ ನಕ್ಷತ್ರಗಳ ಹುಚ್ಚು ಹಿಡಿಯಿತು. ಒಂದು ಸಣ್ಣ ದೂರದರ್ಶಕ ಬಾಡಿಗೆಗೆ ತಂದ, ಸಾಲಲಿಲ್ಲ. ದೊಡ್ಡದಕ್ಕೆ ಬೇಕಾದ ಕನ್ನಡಿ ಲಂಡನ್ನಿನಲ್ಲಿ ಸಿದ್ಧ ಸಿಗಲಿಲ್ಲ, ಮಾಡಿಕೊಡ್ತೀನಿ ಅಂದವನು ಹೇಳಿದ ಬೆಲೆ ಕೈಗೆಟುಕಲಿಲ್ಲ. ಅದೇ ಊರಿನಲ್ಲಿ ಕನ್ನಡಿ ಉಜ್ಜುವ ಹವ್ಯಾಸವಿದ್ದ ಒಬ್ಬ ಕ್ವೇಕರ್ ಪಂಥದವನು ಅದನ್ನು ಬಿಡುತ್ತಿದ್ದ. ಅವನ ಉಪಕರಣಗಳನ್ನೂ ಅರ್ಧಂಬರ್ಧ ಕನ್ನಡಿಗಳನ್ನೂ ಕೊಂಡುಕೊಂಡು ಹರ್ಷೆಲ್ ಶುರುಮಾಡಿದ. 35 ವರ್ಷ ವಯಸ್ಸು, ಲೋಹದ ಕೆಲಸದಲ್ಲಿ ಶುದ್ಧ ಹೊಸಬ.

ಕನ್ನಡಿ ಅಂದರೆ ಆಗ ಗಾಜಲ್ಲ. ಗಾಜಿನ ಮೇಲೆ ತೆಳುವಾಗಿ ಬೆಳ್ಳಿ ಹಚ್ಚಿ ದೂರದರ್ಶಕದ ಕನ್ನಡಿ ಮಾಡುವುದು ಬಂದದ್ದು 1850ರ ದಶಕದಲ್ಲಿ. ಅಲ್ಲಿಯವರೆಗೆ ಹೆಚ್ಚುಕಮ್ಮಿ ಮೂರನೇ ಎರಡು ಪಾಲು ತಾಮ್ರ, ಒಂದು ಪಾಲು ತವರ ಸೇರಿಸಿದ ಬಿಳಿ ಕಂಚು. (ನಮ್ಮ ಪಕ್ಕದ ಕೇರಳದ ಆರನ್ಮುಳ ಕನ್ನಡಿಯೂ ಇಂಥದೇ ಮಿಶ್ರಲೋಹ!) ಹೊಳಪೇನೋ ಚೆನ್ನ, ಆದರೆ ನನ್ನ ತಾಮ್ರದ ಹಾಗೆ ಬಡಿಯಲಾಗದು. ಸುತ್ತಿಗೆ ಬಿದ್ದರೆ ಚೂರು, ಎರಕ ಬೇಗ ತಣಿದರೆ ಬಿರುಕು. ಎರಕ ಹೊಯ್ದು, ಎಮರಿ ಪುಡಿಯಿಂದ ಉಜ್ಜಿ ಉಜ್ಜಿ ತಗ್ಗು ಮಾಡಿ, ಕೊನೆಗೆ ಪಿಚ್ ಅನ್ನೋ ಡಾಂಬರಿನಂಥ ಅಂಟಿನ ಮೇಲೆ ತಿಕ್ಕಿ ಹೊಳಪು ಕೊಡಬೇಕು. ಅಷ್ಟೆಲ್ಲಾ ಆದಮೇಲೂ ಕೆಲವೇ ಕಾಲದಲ್ಲಿ ಮಂಕಾಗುತ್ತೆ, ಮತ್ತೆ ಉಜ್ಜು.

ಮನೆಯ ಗತಿ ಏನಾಯಿತು ಅಂತ ಕ್ಯಾರೊಲೈನ್ ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿದೆ. ಒಂದೊಂದೇ ಕೋಣೆ ವರ್ಕ್‌ಶಾಪ್ ಆಗುತ್ತಾ ಹೋಯಿತು. ಚೆಂದದ ಡ್ರಾಯಿಂಗ್ ರೂಮಿನಲ್ಲಿ ಬಡಗಿ ಕೊಳವೆ ಮಾಡ್ತಾ ಕೂತ, ಬೆಡ್‌ರೂಮೊಂದರಲ್ಲಿ ತಮ್ಮ ಅಲೆಕ್ಸಾಂಡರ್ ದೊಡ್ಡ ಲೇತು ಹೂಡಿದ. ಕಛೇರಿಯ ನಡುವೆ ಬಿಡುವು ಸಿಕ್ಕರೆ ವಿಲಿಯಂ ಹಾಕಿದ ಬಟ್ಟೆಯಲ್ಲೇ ಓಡಿಬಂದು ಕೆಲಸಕ್ಕೆ ಕೂರ್ತಿದ್ದ, ತೋಳಿನ ಲೇಸೆಲ್ಲ ಹರಿದು ಪಿಚ್ ಮೆತ್ತಿಕೊಳ್ತಿತ್ತು. 7 ಅಡಿ ದೂರದರ್ಶಕದ ಒಂದು ಕನ್ನಡಿ ಮುಗಿಸುವಾಗ ಹದಿನಾರು ಗಂಟೆ ಅದರಿಂದ ಕೈ ತೆಗೆಯಲಿಲ್ಲವಂತೆ. ಇವಳು ಪಕ್ಕದಲ್ಲಿ ನಿಂತು ತುತ್ತು ಮಾಡಿ ಬಾಯಿಗಿಡಬೇಕು, ಬೇಜಾರಾಗದಿರಲಿ ಅಂತ ಡಾನ್ ಕ್ವಿಕ್ಸೋಟ್, ಅರೇಬಿಯನ್ ನೈಟ್ಸ್ ಓದಿ ಹೇಳಬೇಕು. ಆ 7 ಅಡಿಯ ಅಳತೆಗೇ 200ಕ್ಕೆ ಕಡಿಮೆಯಿಲ್ಲದಷ್ಟು ಕನ್ನಡಿ ಮಾಡಿದ್ದಾಗಿ ಮುಂದೆ ಅವನೇ ಲೆಕ್ಕ ಕೊಟ್ಟಿದ್ದಾನೆ. 1781ರ ಮಾರ್ಚ್ 13ರ ರಾತ್ರಿ, 19 ನ್ಯೂ ಕಿಂಗ್ ಸ್ಟ್ರೀಟ್ ಮನೆಯ ಹಿತ್ತಲಲ್ಲಿ ಯುರೇನಸ್ ಸಿಕ್ಕಿದ್ದು ಇಂಥದೇ 7 ಅಡಿಯ ದೂರದರ್ಶಕದಲ್ಲಿ. ಕನ್ನಡಿಯ ಅಗಲ ಆರು ಇಂಚು ಚಿಲ್ಲರೆ, ಅಷ್ಟೇ. ಮರುವರ್ಷ ಗ್ರೀನಿಚ್‌ಗೆ ಒಯ್ದು ಹೋಲಿಸಿ ನೋಡಿದರೆ ಅಲ್ಲಿದ್ದವುಗಳಿಗಿಂತ ಇದೇ ವಾಸಿ!

ನನಗಂತೂ ಗ್ರಹಕ್ಕಿಂತ ಇಷ್ಟವಾಗೋದು ಅದೇ ವರ್ಷದ ಆಗಸ್ಟ್ ತಿಂಗಳು. ಈಗ ಅವನಿಗೆ ಮೂರಡಿ ಅಗಲದ ಕನ್ನಡಿ ಬೇಕಾಯಿತು. ಅಷ್ಟು ದೊಡ್ಡದನ್ನು ಎರಕ ಹೊಯ್ಯೋರು ಯಾರೂ ಇಲ್ಲ, ಮನೆಯಲ್ಲೇ ಕುಲುಮೆ ಕಟ್ಟಿದ. ಅಚ್ಚಿಗೆ ಕುದುರೆ ಲದ್ದಿ ಬೇಕು, ಅದೂ ರಾಶಿ ರಾಶಿ, ಒರಳಲ್ಲಿ ಕುಟ್ಟಿ ಸಣ್ಣ ಜರಡಿಯಲ್ಲಿ ಸೋಸಿದ್ದು. ಕುಟ್ಟಿದ್ದು ಯಾರು? ಕ್ಯಾರೊಲೈನೇ. ತಮ್ಮನೂ ಕೈ ಹಾಕುತ್ತಿದ್ದ. ರಾಯಲ್ ಸೊಸೈಟಿಯ ಸದಸ್ಯ ಡಾ. ವಿಲಿಯಂ ವಾಟ್ಸನ್ ಮನೆಗೆ ಬಂದಾಗ ಅವಳ ಕೈಯಿಂದ ಒನಕೆ ಇಸಿದುಕೊಂಡು ತಾನೂ ಕುಟ್ಟುತ್ತಿದ್ದನಂತೆ. ಒಂದು ಎರಕ ತಣಿಯುವಾಗ ಬಿರಿಯಿತು. ಇನ್ನೊಂದು ಸಲ ಕರಗಿದ ಲೋಹ ಕುಲುಮೆಯಿಂದಲೇ ಸೋರಿ ನೆಲಕ್ಕೆ ಹರಿಯಿತು. ಬಿಸಿಗೆ ಕಲ್ಲು ಚಪ್ಪಡಿಗಳು ಸಿಡಿದು ಸೂರಿನವರೆಗೂ ಹಾರಿದವು. ಅಣ್ಣತಮ್ಮಂದಿರೂ ಆಳುಗಳೂ ಎರಡು ಬಾಗಿಲಿಂದ ದಿಕ್ಕಾಪಾಲು ಓಡಿದರು. ವಿಲಿಯಂ ಇಟ್ಟಿಗೆ ಚೂರುಗಳ ಗುಡ್ಡೆ ಮೇಲೆ ಸುಸ್ತಾಗಿ ಬಿದ್ದ. ಆ ಕನ್ನಡಿ ಅಲ್ಲಿಗೇ ನಿಂತಿತು.

ಇನ್ನು ಅವಳ ಹಾಡು? 1778ರಲ್ಲಿ ಅವಳು ಮುಖ್ಯ ಗಾಯಕಿಯಾಗಿ ಹಾಡಿದ್ದಳು, ಬರ್ಮಿಂಗ್‌ಹ್ಯಾಮ್ ಉತ್ಸವಕ್ಕೆ ಕರೆಯೂ ಬಂತು. ಅಣ್ಣ ನಡೆಸುವ ಕಛೇರಿ ಬಿಟ್ಟು ಬೇರೆಲ್ಲೂ ಹಾಡಲ್ಲ ಅಂದುಬಿಟ್ಟಳು. 1782ರಲ್ಲಿ ಅರಸ ಅಣ್ಣನಿಗೆ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ. ಬಾತ್ ಬಿಟ್ಟರು, ಸಂಗೀತವೂ ಬಿಟ್ಟಿತು. ಬೇಕೋ ಅಂತ ಅವಳನ್ನು ಕೇಳಿದ ಹಾಗೆ ಕಾಣಲ್ಲ. ಮುಂದೆ ಅವಳೇ ಎಂಟು ಧೂಮಕೇತು ಕಂಡುಹಿಡಿದಳು, 1787ರಿಂದ ಅರಸನಿಂದ 50 ಪೌಂಡ್ ಸಂಬಳವೂ ಬಂತು ನಿಜ. ಅದನ್ನ ಹೇಳಿ 'ನೋಡಿ, ಒಳ್ಳೇದೇ ಆಯ್ತಲ್ಲ' ಅನ್ನೋಕೆ ನನಗೆ ಬಾಯಿ ಬರಲ್ಲ. ಲದ್ದಿ ಕುಟ್ಟುವಾಗ ಅವಳಿಗೆ ಧೂಮಕೇತು ಗೊತ್ತಿರಲಿಲ್ಲವಲ್ಲ.

ಬಾತ್‌ನ ಆ ಮನೆ ಈಗ ಮ್ಯೂಸಿಯಂ. ಒಡೆದ ಚಪ್ಪಡಿಗಳು ಇನ್ನೂ ಹಾಗೇ ಇವೆ.

ನನ್ನ ಬಟ್ಟಲಿನ ಸೀಳೂ ಹಾಗೇ ಇದೆ. ಈ ಶನಿವಾರ ಒಂದು ಸಣ್ಣ ಬ್ಲೋ ಟಾರ್ಚ್ ತಂದು ಕೆಲಸವನ್ನೆಲ್ಲ ಟೆರೇಸಿಗೆ ಸಾಗಿಸ್ತೀನಿ. ಹುಣಸೆಹಣ್ಣೂ ನಾನೇ ತರ್ತೀನಿ :-)